ಕೋಟೆಯ ಹೊಂಡ, ಹಿತ್ತಲ ಪಾತಿ

ಓಬವ್ವ ಅಂದು ಕಿಂಡಿಯ ಬಳಿಗೆ ಹೋದದ್ದು ಯುದ್ಧಕ್ಕಲ್ಲ, ನೀರಿಗೆ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದ. ಮನೆಯಲ್ಲಿ ಕುಡಿಯುವ ನೀರಿರಲಿಲ್ಲ. ಕೊಡ ಹಿಡಿದು ಹೊಂಡದ ಕಡೆ ಹೊರಟವಳಿಗೆ ಬಂಡೆಯ ಸಂದಿನಿಂದ ಶತ್ರು ಸೈನಿಕರ ಪಿಸುಮಾತು ಕೇಳಿಸಿತು ಎನ್ನುತ್ತದೆ, ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕಥೆ. ಒನಕೆ ಎಲ್ಲರಿಗೂ ನೆನಪಿದೆ. ಕೊಡವನ್ನು ಮರೆತವರೇ ಹೆಚ್ಚು.

ಏಪ್ರಿಲ್ ಕೊನೆಯ ವಾರದಲ್ಲಿ ಚಿತ್ರದುರ್ಗದ ಏಳುಸುತ್ತಿನ ಕೋಟೆ ಹತ್ತಿದರೆ ಆ ಕೊಡದ ಬೆಲೆ ಏನೆಂದು ಅಂಗಾಲಿಗೇ ತಿಳಿಯುತ್ತದೆ. ಬೆಳಗಿನ ಹತ್ತು ಗಂಟೆಗೆಲ್ಲ ಬಂಡೆ ಕಾದ ಹೆಂಚಿನಂತಾಗಿರುತ್ತದೆ. ನದಿಯಿಲ್ಲದ ಈ ಕಲ್ಲುಬೆಟ್ಟದ ಮೇಲೆ ಪಾಳೆಯಗಾರರ ಕಾಲದ ಜನ ಮಳೆನೀರನ್ನೇ ನಂಬಿ ಬದುಕಿದರು. ಬಂಡೆಗಳ ಮೇಲೆ ಬಿದ್ದ ನೀರು ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ. ಅದು ತುಂಬಿ ಹೆಚ್ಚಾದದ್ದು ಅಕ್ಕ–ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗಿಳಿದದ್ದು ಊರೊಳಗಿನ ಸಿಹಿನೀರು ಹೊಂಡ ಮತ್ತು ಸಂತೆ ಹೊಂಡಕ್ಕೆ. ಒಂದು ಹೊಂಡದ ಹೊಟ್ಟೆ ತುಂಬದೆ ಇನ್ನೊಂದಕ್ಕೆ ನೀರಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಕಲ್ಲಿನಲ್ಲೇ ಕೂತಿದೆ.

ಬೆಟ್ಟದ ಇನ್ನೊಂದು ಮಗ್ಗುಲಿನ ಚಂದ್ರವಳ್ಳಿಯಲ್ಲಿ ಈ ಲೆಕ್ಕ ಇನ್ನೂ ಹಳೆಯದು. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ ಆ ಪ್ರಾಕೃತ ಶಾಸನದ ವಿಷಯ ಕೆರೆ ಕಟ್ಟಿಸಿದ್ದು. ಅರಸನ ಗೆಲುವುಗಳನ್ನು ಸಾರುವ ಶಾಸನಕ್ಕೂ ಕೆರೆಯೇ ನೆಪವಾಯಿತೆಂದರೆ, ಈ ಸೀಮೆಯಲ್ಲಿ ನೀರಿಗೆ ಎಂಥ ಮರ್ಯಾದೆ ಇತ್ತೆಂದು ಊಹಿಸಬಹುದು.

ಆ ಮರ್ಯಾದೆ ಇಂದು ಉಳಿದಿದೆಯೇ ಎಂದು ನೋಡಲು ಕೋಟೆಗಿಂತ ಒಳ್ಳೆಯ ಜಾಗ ಮನೆಯ ಹಿತ್ತಲು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲೇ ಬಂದು ಹೋಗುತ್ತದೆ. ಆಮೇಲೆ ದೀರ್ಘ ಒಣಗಾಲ. ಮಾರ್ಚ್ ಹೊತ್ತಿಗೆ ಮಣ್ಣಿನೊಳಗಿನ ತೇವ ಆರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 37–38 ಡಿಗ್ರಿ ಮುಟ್ಟುವ ದಿನಗಳು ಬರುತ್ತವೆ. ಅದೇ ಹೊತ್ತಿಗೆ ಮಕ್ಕಳ ಪರೀಕ್ಷೆ ಮುಗಿದು ಶಾಲೆಗೆ ರಜೆ. ಗಿಡಕ್ಕೆ ಕಷ್ಟದ ಕಾಲ, ಮಗುವಿಗೆ ಬಿಡುವಿನ ಕಾಲ ಒಂದೇ ಆಗಿರುವುದು ಕೈತೋಟದ ಅದೃಷ್ಟ.

ದುರ್ಗದ ಓಣಿಗಳಲ್ಲಿ

ಚಿತ್ರದುರ್ಗಕ್ಕೆ ಕುಡಿಯುವ ನೀರು ದೂರದಿಂದ ಬರಬೇಕು. ಒಂದು ಕಡೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ, ಇನ್ನೊಂದು ಕಡೆ ಹಿರಿಯೂರಿನ ವಾಣಿವಿಲಾಸ ಸಾಗರದಿಂದ. ಇಷ್ಟು ದೂರ ಪ್ರಯಾಣ ಮಾಡಿ ಬಂದ ನೀರನ್ನು ನಡು ಮಧ್ಯಾಹ್ನ ಪೈಪು ಹಿಡಿದು ಎಲೆಗಳ ಮೇಲೆ ಚಿಮುಕಿಸಿದರೆ, ಅದರಲ್ಲಿ ಬೇರಿಗೆ ತಲುಪುವುದು ಸ್ವಲ್ಪವೇ. ಉಳಿದದ್ದು ಬಿಸಿಲಿಗೆ ಮತ್ತು ಗಾಳಿಗೆ. ದುರ್ಗದಲ್ಲಿ ಗಾಳಿಯನ್ನು ಮರೆಯುವಂತೆಯೇ ಇಲ್ಲ. ಜೋಗಿಮಟ್ಟಿಯ ಕಡೆಯ ಬೆಟ್ಟಸಾಲುಗಳಲ್ಲಿ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಯಂತ್ರ ತಿರುಗಿಸುವ ಗಾಳಿ ಮಹಡಿಯ ಮೇಲಿನ ಕುಂಡದ ತೇವವನ್ನೂ ಹೀರಿಕೊಂಡು ಹೋಗುತ್ತದೆ.

ಮನೆಯಲ್ಲಿ ಮಕ್ಕಳೇ ಮಾಡಿ ನೋಡಬಹುದಾದ ಸಣ್ಣ ಪರೀಕ್ಷೆಯೊಂದಿದೆ. ಒಂದೇ ಅಳತೆಯ ಎರಡು ಸ್ಟೀಲ್ ಡಬರಿಗಳಲ್ಲಿ ಸಮನಾಗಿ ನೀರು ತುಂಬಿ, ಒಂದನ್ನು ಮಹಡಿಯ ಬಿಸಿಲಿನಲ್ಲಿ, ಇನ್ನೊಂದನ್ನು ಮರದ ನೆರಳಿನಲ್ಲಿ, ಗಾಳಿ ಬಡಿಯದ ಕಡೆ ಇಡಬೇಕು. ಸಂಜೆ ಸ್ಕೇಲಿನಿಂದ ಅಳೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕುಂಡದ ಮಣ್ಣಿನಲ್ಲಿ ನಡೆಯುವುದೂ ಇದೇ. ಈ ಪರೀಕ್ಷೆ ಮಾಡಿದ ಮಗು ನೀರು ಹಾಕುವ ಸಮಯವನ್ನು ತಾನೇ ಬದಲಾಯಿಸುತ್ತದೆ, ಯಾರೂ ಹೇಳಬೇಕಾಗಿಲ್ಲ. ಬೆಳಗ್ಗೆ ಏಳು ಗಂಟೆಯೊಳಗೆ ಹಾಕಿದ ನೀರು ಬಿಸಿಲೇರುವ ಮೊದಲೇ ಬೇರಿಗಿಳಿದಿರುತ್ತದೆ. ಅದು ತಪ್ಪಿದರೆ ಸೂರ್ಯ ಮುಳುಗಿದ ಮೇಲೆ.

ಮಧ್ಯಾಹ್ನ ಎಲೆ ಬಾಡಿದ್ದನ್ನು ಕಂಡು ಗಾಬರಿಯಾಗಿ ಕೊಡಗಟ್ಟಲೆ ಸುರಿಯುವವರುಂಟು. ಎಲೆಯ ಅಡಿಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಗಿಡ ನೀರನ್ನು ಆವಿಯಾಗಿ ಬಿಡುತ್ತಿರುತ್ತದೆ. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆ ಕಳೆದುಕೊಂಡಾಗ ಅದು ಜೋಲುತ್ತದೆ. ರಂಧ್ರ ಮುಚ್ಚಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಸಂಜೆ ತಾನಾಗಿ ತಲೆ ಎತ್ತಿದರೆ ಗಿಡಕ್ಕೆ ಬಾಯಾರಿಕೆಯಿಲ್ಲ, ಬರಿಯ ಸೆಕೆಯಾಗಿತ್ತು ಎಂದರ್ಥ. ಬೆಳಗ್ಗೆಯೂ ಜೋತುಬಿದ್ದಿದ್ದರೆ ಮಾತ್ರ ಚಿಂತೆ. ಸಂಶಯವಿದ್ದರೆ ಮಣ್ಣಿನೊಳಗೆ ಬೆರಳು ಎರಡು ಗೆಣ್ಣು ಇಳಿಸಿ ನೋಡಿದರಾಯಿತು. ಬೆರಳಿಗೆ ತಂಪು ತಾಗಿದರೆ ನೀರು ಬೇಡ.

ಮಹಡಿಯ ಕುಂಡಗಳ ಕಷ್ಟ ಬೇರೆ. ಅವಕ್ಕೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಸಿಮೆಂಟು. ಎರಡೆರಡು ಇಟ್ಟಿಗೆಯ ಮೇಲೆ ಕುಂಡ ಎತ್ತಿ ಇಟ್ಟು, ಗುಂಪು ಮಾಡಿ, ದೊಡ್ಡ ಗಿಡಗಳನ್ನು ಪಡುವಣ ಬದಿಗೆ ನಿಲ್ಲಿಸಿದರೆ ಒಂದರ ನೆರಳು ಇನ್ನೊಂದಕ್ಕಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಒದ್ದೆ ಗೋಣಿತಟ್ಟು ಸುತ್ತಿದರೆ ಬೇರು ಬೇಯುವುದು ತಪ್ಪುತ್ತದೆ. ಮೇಲೆ ಕಟ್ಟಲು ನೆರಳುಬಲೆಯೇ ಬೇಕೆಂದಿಲ್ಲ. ಹಳೆಯ ಹತ್ತಿ ಸೀರೆಯೂ ಸಾಕು.

ಕರಿಮಣ್ಣಿನ ಹಿರಿಯೂರು

ದುರ್ಗದಿಂದ ಬೆಂಗಳೂರು ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ಇಳಿದರೆ ವೇದಾವತಿಯ ದಂಡೆಯ ಹಿರಿಯೂರು. ಇಲ್ಲಿನ ಕರಿಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕು ಬರಿಯ ಬಿರುಕಲ್ಲ. ಎಳೆ ಬೇರು ಹರಿಯುತ್ತದೆ, ಒಳಗಿನ ತೇವ ಆ ದಾರಿಯಲ್ಲೇ ಆರಿಹೋಗುತ್ತದೆ. ಹೊಲದಲ್ಲಿ ರೈತ ಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡುವುದು ಈ ಬಿರುಕನ್ನು ಮುಚ್ಚಲಿಕ್ಕೇ. ಹಿತ್ತಲಲ್ಲೂ ಅದೇ ಉಪಾಯ. ನೀರು ಹಾಕಿದ ಮರುದಿನ, ಮಣ್ಣು ಹದಕ್ಕೆ ಬಂದಾಗ, ಕುರ್ಚಿಗೆಯಿಂದ ಮೇಲಿನ ಒಂದಂಗುಲವನ್ನಷ್ಟೇ ಕೆದಕಿಬಿಟ್ಟರೆ ಆ ಪುಡಿಮಣ್ಣೇ ಹೊದಿಕೆಯಾಗುತ್ತದೆ. ಆಳಕ್ಕೆ ಅಗೆದರೆ ಮಾತ್ರ ಬೇರಿಗೆ ಪೆಟ್ಟು.

ಊರಿನ ಪಶ್ಚಿಮಕ್ಕೆ ಮಾರಿಕಣಿವೆ. ಎರಡು ಬೆಟ್ಟಗಳ ನಡುವೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಮೈಸೂರು ಅರಸರ ಕಾಲದ್ದು. 1898ರಲ್ಲಿ ಶುರುವಾದ ಕೆಲಸ 1907ರ ಹೊತ್ತಿಗೆ ಮುಗಿಯಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರನ್ನು ಹೊತ್ತ ಈ ಜಲಾಶಯ ಸುಮಾರು 30 ಟಿ.ಎಂ.ಸಿ. ನೀರು ಹಿಡಿಯಬಲ್ಲದು. ಆದರೆ ಹಿಡಿಯಬಲ್ಲುದು ಬೇರೆ, ಸಿಗುವುದು ಬೇರೆ. 1933ರಲ್ಲಿ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ! ಹುಟ್ಟಿದ ಮೇಲೆ ಒಮ್ಮೆಯೂ ಕೋಡಿ ಕಾಣದೆ ಮುದುಕರಾದವರು ಆ ವರ್ಷ ಮೊಮ್ಮಕ್ಕಳ ಕೈ ಹಿಡಿದು ನೋಡಲು ಹೋದರು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಇಲ್ಲಿಗೆ ಸೇರುತ್ತಿದೆ. ಆದರೂ ಒಂದು ಮಾತು ನಿಜ: ಇಂಥ ದೊಡ್ಡ ಪಾತ್ರೆಯೇ 89 ವರ್ಷ ಕಾಯಬೇಕಾಗಿ ಬಂದ ಸೀಮೆಯಲ್ಲಿ, ತುಂಬಿದ ವರ್ಷದ ಸಂತೋಷದಲ್ಲಿ ಖಾಲಿ ವರ್ಷವನ್ನು ಮರೆಯುವಂತಿಲ್ಲ.

ಊರಿನ ಪಕ್ಕದ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಣಬೇಸಾಯಕ್ಕೆ ತಜ್ಞರು ಹೇಳುವ ಮೊದಲ ಪಾಠವೇ ಹಿತ್ತಲಿಗೂ ಸಲ್ಲುತ್ತದೆ: ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದಕ್ಕಿಂತ, ನಾಲ್ಕೈದು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ತುಂಬು ನೀರು ಕೊಡುವುದು ಮೇಲು. ಮೇಲೆ ಮೇಲೆ ನೀರು ಸಿಕ್ಕರೆ ಬೇರು ಮೇಲೇ ಉಳಿಯುತ್ತದೆ, ಬಿಸಿಲಿಗೆ ಸುಡುತ್ತದೆ. ಕೆಳಗೆ ನೀರಿದ್ದರೆ ಬೇರು ಹುಡುಕಿಕೊಂಡು ಇಳಿಯುತ್ತದೆ. ಕುಂಡಕ್ಕೆ ಈ ಮಾತು ಸಲ್ಲದು. ಅದರ ಮಣ್ಣು ಕಡಿಮೆ, ಅದಕ್ಕೆ ದಿನವೂ ಬೇಕು.

ಮಣ್ಣಿನ ಮಡಕೆಯ ಉಪಾಯ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಬಣ್ಣ ಬಳಿಯದ ಸಣ್ಣ ಮಡಕೆಯನ್ನು ಗಿಡದ ಪಕ್ಕ ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಬೇಕು. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆಯ ಮೈಯಿಂದ ನೀರು ಜಿನುಗುತ್ತದೆ. ಮಣ್ಣು ತೇವವಾದರೆ ಜಿನುಗುವುದು ತಾನೇ ನಿಧಾನವಾಗುತ್ತದೆ. ರಜೆಯಲ್ಲಿ ನಾಲ್ಕು ದಿನ ಅಜ್ಜಿಯ ಊರಿಗೆ ಹೋಗುವ ಮನೆಯವರಿಗೆ ಇದಕ್ಕಿಂತ ನಂಬಿಕೆಯ ಕಾವಲುಗಾರ ಬೇರಿಲ್ಲ.

ಹೊಸದುರ್ಗದ ತೆಂಗು, ದಾಳಿಂಬೆ

ಮಾರಿಕಣಿವೆಯಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಹೊಸದುರ್ಗ. ಮಣ್ಣು ಕೆಂಪಾಗುತ್ತದೆ, ತೆಂಗಿನ ಸಾಲು ಕಾಣುತ್ತದೆ. ಇಲ್ಲಿ ಎಷ್ಟೋ ಮನೆಗಳ ಹಿಂದೆ ಎರಡಾದರೂ ತೆಂಗಿನ ಮರ ಇರುತ್ತದೆ. ಅದು ಬರಿಯ ಮರವಲ್ಲ. ಅಡಿಗೆಮನೆಯ ಕಾಯಿ, ಹಬ್ಬದ ಕಾಯಿ, ಕಷ್ಟಕಾಲದ ನಾಲ್ಕು ಕಾಸು. ತೆಂಗಿನ ಗುಣವೆಂದರೆ ಅದು ಬೇಸಿಗೆಯ ಪೆಟ್ಟನ್ನು ಕೂಡಲೇ ತೋರಿಸುವುದಿಲ್ಲ. ಹೊಂಬಾಳೆ ಮರದೊಳಗೆ ಎರಡು ವರ್ಷಕ್ಕೂ ಮೊದಲೇ ರೂಪುಗೊಳ್ಳಲು ಶುರುವಾಗುವುದರಿಂದ ಈ ಬೇಸಿಗೆಯ ಬರದ ಗುರುತು ಮುಂದಿನ ಎರಡು ವರ್ಷದ ಕಾಯಲ್ಲಿ ಕಾಣುತ್ತದೆ. ‘ಮರ ಹಸಿರಾಗೇ ಇದೆಯಲ್ಲ’ ಎಂದು ಈ ವರ್ಷ ನೀರು ತಪ್ಪಿಸಿದವರು ಆಮೇಲೆ ಕಾಯಿ ಏಕೆ ಕಡಿಮೆಯಾಯಿತೆಂದು ತಲೆ ಕೆರೆದುಕೊಳ್ಳುತ್ತಾರೆ.

ಮರಳು ಬೆರೆತ ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅದಕ್ಕೆ ಮದ್ದನ್ನೂ ತೆಂಗೇ ಕೊಟ್ಟಿದೆ. ಕಾಯಿ ಸುಲಿದ ಸಿಪ್ಪೆಯನ್ನು ಒಲೆಗೆ ಹಾಕುವ ಬದಲು, ಬುಡದಿಂದ ನಾಲ್ಕೈದು ಅಡಿ ದೂರ ಸುತ್ತಲೂ ಕಾಲುವೆ ತೆಗೆದು, ಒಳಮೈ ಮೇಲೆ ಮುಖ ಮಾಡಿ ಜೋಡಿಸಿ ಮಣ್ಣು ಮುಚ್ಚಿದರೆ, ಒಂದೊಂದು ಸಿಪ್ಪೆಯೂ ಒಂದೊಂದು ಬಟ್ಟಲಾಗುತ್ತದೆ. ನಾಲ್ಕಾರು ವರ್ಷ ಅದು ನೀರು ಹಿಡಿದಿಡುತ್ತದೆ. ತೆಂಗಿಲ್ಲದ ಮನೆಯವರು ತರಗೆಲೆ, ಒಣಹುಲ್ಲು, ಶೇಂಗಾ ಹೊಟ್ಟು ಏನನ್ನಾದರೂ ಪಾತಿಯ ಮೇಲೆ ಮೂರಂಗುಲ ದಪ್ಪ ಹರಡಬಹುದು. ಕಾಂಡಕ್ಕೆ ಮಾತ್ರ ತಾಗಬಾರದು. ತಾಗಿದರೆ ಗೆದ್ದಲಿಗೆ ಏಣಿ ಇಟ್ಟಂತೆ.

ಇದೇ ತಾಲ್ಲೂಕಿನ ದಾಳಿಂಬೆ ತೋಟಗಳಲ್ಲಿ ಇನ್ನೊಂದು ಪಾಠವಿದೆ. ಹೂವು ಒಟ್ಟಿಗೆ ಬರಲೆಂದು ಬೆಳೆಗಾರ ಬೇಕೆಂದೇ ಕೆಲವು ವಾರ ನೀರು ನಿಲ್ಲಿಸುತ್ತಾನೆ. ಆದರೆ ಕಾಯಿ ಕಟ್ಟಿದ ಮೇಲೆ ಒಂದು ಸರದಿಯೂ ತಪ್ಪಿಸುವುದಿಲ್ಲ. ಹತ್ತು ದಿನ ಒಣಗಿಸಿ ಹನ್ನೊಂದನೆಯ ದಿನ ಎರಡು ಕೊಡ ಸುರಿದರೆ, ಬಿಗಿದಿದ್ದ ಸಿಪ್ಪೆ ತಾಳಲಾರದೆ ಹಣ್ಣು ಸೀಳುತ್ತದೆ. ಹಿತ್ತಲ ದಾಳಿಂಬೆ ಸೀಳಿದಾಗ ರೋಗವೆಂದು ಔಷಧಿ ಅಂಗಡಿಗೆ ಓಡುವ ಮೊದಲು ನೀರಿನ ಲೆಕ್ಕ ನೋಡಿಕೊಳ್ಳಬೇಕು. ನಿಂಬೆಗೂ ಟೊಮೆಟೊಗೂ ಇದೇ ಮಾತು. ಗಿಡಕ್ಕೆ ಬೇಕಾದದ್ದು ಹೆಚ್ಚು ನೀರಲ್ಲ, ಮಾತು ತಪ್ಪದ ನೀರು.

ಹೊಳಲ್ಕೆರೆಯ ಸುಣ್ಣದ ಮರಗಳು

ಹೊಸದುರ್ಗದಿಂದ ಉತ್ತರಕ್ಕೆ ತಿರುಗಿದರೆ, ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಹೊಳಲ್ಕೆರೆ. ಇಲ್ಲಿನ ಅಡಿಕೆ ತೋಟಗಳ ಅಂಚಿನಲ್ಲಿ ಬಿಳಿ ಬಳಿದ ಮರಗಳ ಸಾಲು ಕಂಡರೆ ಅದು ಅಲಂಕಾರಕ್ಕಲ್ಲ. ನೈಋತ್ಯದ ಕಡೆಯಿಂದ ಬೀಳುವ ಇಳಿಹೊತ್ತಿನ ಬಿಸಿಲು ಅಡಿಕೆ ಕಾಂಡವನ್ನು ಸುಡುತ್ತದೆ. ಸುಟ್ಟ ಕಡೆ ಕಾಂಡ ಬಿರಿದು, ಕೆಲವು ವರ್ಷದ ಮೇಲೆ ಒಂದು ಗಾಳಿಗೆ ಮರ ಮುರಿಯುತ್ತದೆ. ಅದಕ್ಕೇ ಸುಣ್ಣ ಬಳಿಯುವುದು, ಅಡಿಕೆ ಹಾಳೆ ಅಥವಾ ಸೋಗೆ ಕಟ್ಟುವುದು.

ಹಿತ್ತಲಲ್ಲಿ ಎರಡು ವರ್ಷದ ಮಾವು, ಸಪೋಟ ಇರುವವರು ಇದನ್ನು ಹಾಗೆಯೇ ಅನುಸರಿಸಬಹುದು. ಎಳೆಯ ಕಾಂಡಕ್ಕೆ ನೈಋತ್ಯ ಬದಿಯಲ್ಲಿ ತೆಳುವಾಗಿ ಸುಣ್ಣ, ಅದೇ ದಿಕ್ಕಿಗೆ ಒಂದು ತೆಂಗಿನ ಗರಿಯ ಮರೆ. ಇಡೀ ದಿನ ನೆರಳು ಬೇಕಿಲ್ಲ. ಬೆಳಗಿನ ಬಿಸಿಲು ಗಿಡಕ್ಕೆ ಊಟ. ಮಧ್ಯಾಹ್ನದ ಮೂರು ಗಂಟೆಯ ಬಿಸಿಲು ಶಿಕ್ಷೆ.

ಬೇಸಿಗೆಯಲ್ಲಿ ಏನು ಮಾಡಬಾರದೆಂಬುದೂ ಅಷ್ಟೇ ಮುಖ್ಯ. ಸುಡು ಬಿಸಿಲಿನಲ್ಲಿ ರಾಸಾಯನಿಕ ಗೊಬ್ಬರ ಹಾಕಿದರೆ ಉಪ್ಪು ಹೆಚ್ಚಾಗಿ ಬೇರು ಸುಡುತ್ತದೆ. ಕೊಂಬೆ ಕತ್ತರಿಸಿದರೆ ಮುಚ್ಚಿದ್ದ ತೊಗಟೆಗೆ ಬಿಸಿಲು ಬಡಿಯುತ್ತದೆ, ಚಿಗುರು ಹೊರಟರೆ ಅದಕ್ಕೂ ನೀರು ಬೇಕು. ಹೊಸ ಸಸಿ ನೆಡುವ ಆಸೆಯಿದ್ದರೆ ಗುಂಡಿ ತೋಡಿಟ್ಟು ಜೂನ್‌ವರೆಗೆ ಕಾಯುವುದು ಜಾಣತನ. ಬೆಟ್ಟದ ಸೀತಾಫಲ ಇದನ್ನು ಯಾರಿಂದಲೂ ಕಲಿಯಲಿಲ್ಲ. ಬೇಸಿಗೆ ಬಂತೆಂದರೆ ಎಲೆ ಉದುರಿಸಿ, ಖರ್ಚು ಕಡಿಮೆ ಮಾಡಿ, ಸುಮ್ಮನೆ ನಿಂತುಬಿಡುತ್ತದೆ.

ಕೊನೆಯ ಕೊಡ ಯಾರಿಗೆ?

ಹೊಳಲ್ಕೆರೆಯಿಂದ ಮರಳಿ ದುರ್ಗದ ಹಾದಿ ಹಿಡಿದರೆ ಸಂಜೆಯ ಹೊತ್ತಿಗೆ ಕೋಟೆಯ ಬಂಡೆಗಳು ಮತ್ತೆ ಕಾಣುತ್ತವೆ. ನಾಲ್ಕೂ ಊರುಗಳಲ್ಲಿ ಮೇ ತಿಂಗಳಲ್ಲಿ ಒಂದು ದಿನ ಬಂದೇ ಬರುತ್ತದೆ. ನಲ್ಲಿ ಬಂದಿಲ್ಲ, ಬೋರ್‌ವೆಲ್ ಕೆಮ್ಮುತ್ತಿದೆ, ಸಂಪಿನ ತಳ ಕಾಣುತ್ತಿದೆ. ಹಿತ್ತಲಲ್ಲಿ ಇಪ್ಪತ್ತು ಗಿಡ, ಕೈಯಲ್ಲಿ ಎರಡು ಕೊಡ. ಎಲ್ಲಕ್ಕೂ ಒಂದೊಂದು ಚೊಂಬು ಹಂಚಿದರೆ ನ್ಯಾಯವೆನಿಸುತ್ತದೆ, ಆದರೆ ಯಾವುದೂ ಉಳಿಯುವುದಿಲ್ಲ. ಇಂಥ ದಿನ ಮನೆಯವರೆಲ್ಲ ಕೂತು ತೀರ್ಮಾನ ಮಾಡಬೇಕಾಗುತ್ತದೆ.

ಕೋಟೆಯ ಹೊಂಡಗಳ ಲೆಕ್ಕ ಇಲ್ಲಿಗೆ ಬರುತ್ತದೆ. ಮೊದಲ ಪಾಲು ಮೂರು ವರ್ಷದೊಳಗಿನ ಮರಸಸಿಗಳಿಗೆ. ಅವು ಸತ್ತರೆ ಮೂರು ವರ್ಷವೇ ಹೋದಂತೆ. ಎರಡನೆಯದು ಕಾಯಿ ಹಿಡಿದಿರುವ ಮರಗಳಿಗೆ. ಮೂರನೆಯದು ಮಲ್ಲಿಗೆ, ಕನಕಾಂಬರ, ಕರಿಬೇವಿನಂಥ ಹಳೆಯ ಗಿಡಗಳಿಗೆ. ಉಳಿದರೆ ಮಾತ್ರ ಬೆಂಡೆ, ಬದನೆ, ಸೊಪ್ಪಿನ ಮಡಿಗೆ. ಬೆಂಡೆ ಒಣಗಿದರೆ ಜೂನ್‌ನಲ್ಲಿ ಬೀಜ ಹಾಕಿದರೆ ಮತ್ತೆ ಬರುತ್ತದೆ. ಮಗಳು ಹುಟ್ಟಿದ ವರ್ಷ ನೆಟ್ಟ ಮಾವು ಮತ್ತೆ ಬರುವುದಿಲ್ಲ. ತಾನೇ ಬಿತ್ತಿ ಮೊಳಕೆ ಕಂಡ ಬೆಂಡೆಯ ಸಾಲನ್ನು ಬಿಟ್ಟುಕೊಡುವುದು ಹತ್ತು ವರ್ಷದ ಮಗುವಿಗೆ ಸುಲಭವಲ್ಲ. ಆದರೆ ಏಕೆಂದು ತಿಳಿಸಿ ಹೇಳಿದರೆ ಆ ಮಗು ಮುಂದೆ ನಲ್ಲಿಯನ್ನು ಸುಮ್ಮನೆ ತೆರೆದಿಡಲಾರದು.

ಅಷ್ಟರ ಮಟ್ಟಿಗೆ ಬಾರದಂತೆ ನೋಡಿಕೊಳ್ಳುವ ದಾರಿಯೂ ಮನೆಯೊಳಗೇ ಇದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಯಾವ ಗಿಡಕ್ಕಾದರೂ ಸರಿ. ಬಚ್ಚಲ ನೀರು ಬಾಳೆಗೆ, ತೆಂಗಿಗೆ. ಸೋಪಿನ ನೀರನ್ನು ದಿನವೂ ಒಂದೇ ಗಿಡಕ್ಕೆ ಹಾಕದೆ ಸರದಿ ಬದಲಿಸಬೇಕು, ಸೊಪ್ಪು ತರಕಾರಿಗೆ ಸೋಕಿಸಬಾರದು. ಅಜ್ಜಿಯಂದಿರು ‘ಒಂದು ನೀರಿಗೆ ಎರಡು ಕೆಲಸ ಹೇಳು ಮಗಾ’ ಎನ್ನುವುದು ಇದನ್ನೇ.

ಇನ್ನೊಂದು ಲೆಕ್ಕ ಏಳನೆಯ ತರಗತಿಯ ಗಣಿತಕ್ಕೆ ಸೇರಿದ್ದು. 100 ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಒಂದು ಸಂಜೆಯ 20 ಮಿಲಿಮೀಟರ್ ಮಳೆಗೆ 2,000 ಲೀಟರ್. ವರ್ಷದ 600 ಮಿಲಿಮೀಟರಿಗೆ 60,000 ಲೀಟರ್. ಅದರಲ್ಲಿ ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರ್ ಉಳಿಯಿತು. ಇದು ಬೀದಿಯ ಚರಂಡಿಗೆ ಹೋಗುತ್ತದೆಯೋ, ತೊಟ್ಟಿಗೋ ಇಂಗುಗುಂಡಿಗೋ ಇಳಿಯುತ್ತದೆಯೋ ಎಂಬುದು ಮಾಳಿಗೆಯ ಒಂದು ಪೈಪಿನ ಮೇಲೆ ನಿಂತಿದೆ. ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಗಡಸೂ ಹೌದು. ಕುಂಡದ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆಯೇ ಗಡಸಿನ ಗುರುತು. ಮಳೆನೀರು ಆ ಉಪ್ಪನ್ನೂ ತೊಳೆಯುತ್ತದೆ.

ಅಶ್ವಿನಿ ಕಳೆದು ಭರಣಿ ಕಾಲಿಡುವ ಹೊತ್ತಿಗೆ ದುರ್ಗದ ಜನ ಸಂಜೆಯ ಆಕಾಶ ನೋಡಲು ಶುರು ಮಾಡುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಈ ಕಡೆಯವರಿಗೂ ಬಾಯಿಪಾಠ. ಕೆಲವು ವರ್ಷ ಅದು ಬರುತ್ತದೆ, ಕೆಲವು ವರ್ಷ ಕೃತ್ತಿಕೆಗೋ ರೋಹಿಣಿಗೋ ಕಾಯಿಸುತ್ತದೆ. ಹಿತ್ತಲ ಗೋಡೆಯ ಮೇಲೆ ಹಕ್ಕಿಗೆಂದು ಇಟ್ಟ ಮಣ್ಣಿನ ತಟ್ಟೆಗೆ ಒಂದು ಮಗು ದಿನವೂ ನೀರು ತುಂಬುತ್ತದೆ. ಒಂದು ಸಂಜೆ ಜೋಗಿಮಟ್ಟಿಯ ಕಡೆಯಿಂದ ಮಣ್ಣಿನ ವಾಸನೆ ಹೊತ್ತ ಗಾಳಿ ಬರುತ್ತದೆ. ಕೋಟೆಯ ಮೇಲೆ ಮೊದಲ ಹನಿಗಳು ಬಿದ್ದು, ಕಾದ ಬಂಡೆಯಿಂದ ಹಬೆ ಏಳುತ್ತದೆ. ಬಂಡೆಯ ಮೇಲಿನ ನೀರು ಸಣ್ಣಗೆ ಹರಿದು ಗೋಪಾಲಸ್ವಾಮಿ ಹೊಂಡದ ದಾರಿ ಹಿಡಿಯುತ್ತದೆ. ಕೆಳಗೆ ಊರಿನ ಹಿತ್ತಲುಗಳಲ್ಲಿ, ಮೂರಂಗುಲ ತರಗೆಲೆಯ ಅಡಿಯಲ್ಲಿ, ಬದುಕಿ ಉಳಿದ ಮಾವಿನ ಸಸಿಯ ಪಾತಿ ಅದೇ ನೀರಿಗೆ ಬಾಯಿ ತೆರೆದು ಕಾದಿರುತ್ತದೆ.